ಮೈಲುತುತ್ತಿನ ಜೀಪಿಗೆ ಫ್ರಾನ್ಸಿನ ಎಂಜಿನ್

ಪುತ್ತೂರಿನ ದರ್ಬೆ ಕಡೆ ಹಳೆ ಜೀಪೊಂದು ಮಾರಾಟಕ್ಕಿದೆ ಎಂದು ಕೇಳಿ ನೋಡಲು ಹೋದವರಲ್ಲಿ ಹೊಸಬರು ಮೊದಲು ಬಾನೆಟ್ ಎತ್ತುತ್ತಾರೆ. ಪಳಗಿದವರು ಹಿಂದಕ್ಕೆ ಹೋಗಿ, ಬಗ್ಗಿ, ನೆಲದ ತಗಡು ನೋಡುತ್ತಾರೆ. ಅಲ್ಲಿ ನೀಲಿಹಸಿರು ಕಲೆ ಕಂಡರೆ ಗಾಡಿಯ ಜಾತಕ ಸಿಕ್ಕಂತೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಮದ್ದಿನ ಡ್ರಮ್ಮು ಹೊತ್ತ ಜೀಪು ಅದು.

ಮದ್ದು ಎಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕೃಷಿಕರು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ತಾಮ್ರ ಬಂದು ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಹೋಗಿರುತ್ತದೆ. ಡ್ರಮ್ಮಿನಿಂದ ತುಳುಕಿದ ಮೈಲುತುತ್ತಿನ ನೀರು ಜೀಪಿನ ತಗಡಿನ ಮೇಲೆ ವರ್ಷವರ್ಷವೂ ಮಾಡಿದ್ದು ಇದೇ ಕೆಲಸ. ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ. ಅದನ್ನು 1885ರಲ್ಲಿ ಲೋಕಕ್ಕೆ ತಿಳಿಸಿದವರು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ. ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಸುವ ದಾರಿ ತೋರಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ.

ತಮಾಷೆಯೆಂದರೆ, ಎಷ್ಟೋ ಜೀಪುಗಳಲ್ಲಿ ಆ ಡ್ರಮ್ಮನ್ನು ಗುಡ್ಡೆ ಹತ್ತಿಸಿದ ಎಂಜಿನ್ ಕೂಡ ಫ್ರಾನ್ಸಿನದ್ದೇ.

ಫ್ರೆಂಚ್ ಕ್ಲಾಸಿಕ್ ಕಾರು ಎಂದರೆ ಯುರೋಪಿನವರ ಬಾಯಲ್ಲಿ ಬರುವುದು ಸಿಟ್ರೊಯೆನ್ ಡಿಎಸ್, 2ಸಿವಿ, ರೆನೋ 4. 1948ರಲ್ಲಿ ಜನರ ಮುಂದೆ ಬಂದ 2ಸಿವಿಯದ್ದು ಸ್ವಾರಸ್ಯದ ಕತೆ. ಉತ್ತ ಗದ್ದೆಯಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು, ಇಬ್ಬರು ರೈತರ ಜೊತೆ 50 ಕಿಲೋ ಆಲೂಗಡ್ಡೆ ಹಿಡಿಸಬೇಕು ಎಂಬುದು ಅದರ ವಿನ್ಯಾಸಕರಿಗೆ ಕೊಟ್ಟ ಷರತ್ತು. ಅಂಥ ಕಾರುಗಳು ಪುತ್ತೂರಿನ ಮಾರುಕಟ್ಟೆಗೆ ಬರಲಿಲ್ಲ. ಅವು ಮಾಡಬೇಕಾದ ಕೆಲಸವನ್ನು ಇಲ್ಲಿ ಜೀಪು ಮಾಡಿತು; ಮೊಟ್ಟೆಯ ಗತಿ ಬೇರೆ ಮಾತು.

ಮಹೀಂದ್ರಾ ಕಂಪನಿ ಫ್ರಾನ್ಸಿನ ಪ್ಯೂಜೋ ಜೊತೆ ಡೀಸೆಲ್ ಎಂಜಿನ್ ತಯಾರಿಕೆಗೆ ಪರವಾನಗಿ ಮಾಡಿಕೊಂಡದ್ದು 1979ರಲ್ಲಿ. ಅದರ ಹೆಸರು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, ಒಂದೊಂದರ ಬೋರ್ 90 ಮಿಲಿಮೀಟರ್. ಹೆಸರಿನ ಅರ್ಥ ಅಷ್ಟೇ. ಸಾಮರ್ಥ್ಯ 2,112 ಸಿಸಿ, ಶಕ್ತಿ ಸುಮಾರು 60 ಕುದುರೆಯದು. ಆಫ್ರಿಕದ ಮಣ್ಣುರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ದುಡಿದ ಪ್ಯೂಜೋ 504ರ ಡೀಸೆಲ್ ಮಾದರಿಗಳ ಹೊಟ್ಟೆಯಲ್ಲಿದ್ದದ್ದೂ ಇದೇ ವಂಶದ ಎಂಜಿನ್. 1980ರ ದಶಕದ ನಡುವಿನಲ್ಲಿ ಎಂಎಂ 540 ಜೀಪಿನೊಳಗೆ ಕುಳಿತು ಅದು ಕರಾವಳಿ, ಮಲೆನಾಡಿನ ಚಡಾವುಗಳಿಗೆ ಬಂತು. ಅದಕ್ಕೂ ಮೊದಲು ಜೀಪೆಂದರೆ ಪೆಟ್ರೋಲ್ ಕುಡಿಯುವ ವಿಲ್ಲಿಸ್ ತಳಿಯ ಎಂಜಿನ್, ಇಲ್ಲವೇ ಟ್ರ್ಯಾಕ್ಟರಿನದ್ದನ್ನು ತಂದು ಕೂರಿಸಿದ ಗಡಗಡ ಡೀಸೆಲ್. ಪ್ಯೂಜೋದ ಸದ್ದು ಅವುಗಳ ಮುಂದೆ ಹದವಾಗಿತ್ತು, ಓಟ ಚುರುಕಾಗಿತ್ತು. ಫ್ರೆಂಚರ ಬಾಯಿಗೆ ಆ ಹೆಸರು ಹೇಗೋ, ಇಲ್ಲಿ ಮಾತ್ರ ಗ್ಯಾರೇಜಿಗೊಂದು ಉಚ್ಚಾರಣೆ.

ಪ್ಯೂಜೋ ಕಾರಿಗಿಂತ ಮೊದಲು ಏನು ಮಾಡುತ್ತಿತ್ತು ಎಂಬುದು ಈ ಊರವರಿಗೆ ಹಿಡಿಸುವ ಸಂಗತಿ. 1840ರಿಂದ ಕಾಫಿಬೀಜ ಪುಡಿ ಮಾಡುವ ಯಂತ್ರ, 1874ರಿಂದ ಕಾಳುಮೆಣಸಿನದ್ದು. ಅದರ ಸಿಂಹದ ಗುರುತು ಮೊದಲು ಬಂದದ್ದು ಗರಗಸದ ಮೇಲೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ಊರಿಗೆ ಪ್ಯೂಜೋ ಜೀಪಿನ ಎಂಜಿನ್ನಾಗಿ ಬಂತು.

ಪ್ಯೂಜೋದ ಪೂರ್ತಿ ಕಾರೂ ಬಂದಿತ್ತು. ಪ್ರೀಮಿಯರ್ ಪದ್ಮಿನಿ ಮಾಡುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಪ್ಯೂಜೋ ಜೊತೆ ಸೇರಿ 1990ರ ದಶಕದ ನಡುವಿನಲ್ಲಿ ಮಹಾರಾಷ್ಟ್ರದ ಕಲ್ಯಾಣದಲ್ಲಿ 309 ಕಾರನ್ನು ತಯಾರಿಸಿತು. ಕುಳಿತವರಿಗೆ ಸುಖ ಕೊಟ್ಟ ಕಾರು, ಆಯುಸ್ಸು ಮಾತ್ರ ಕಡಿಮೆ. ಕಾರ್ಮಿಕರ ಮುಷ್ಕರ, ಪಾಲುದಾರರ ಜಗಳದ ನಡುವೆ 1997ರಲ್ಲಿ ಪ್ಯೂಜೋ ಗಂಟುಮೂಟೆ ಕಟ್ಟಿತು. ಈಗ 309 ಕೊಳ್ಳುವವರಿಗೆ ಬಾಗಿಲಿನ ರಬ್ಬರು, ಹಿಂದಿನ ದೀಪದ ಗಾಜು ಹುಡುಕುವುದೇ ತಪಸ್ಸು. ಎಂಜಿನ್ ವಿಷಯದಲ್ಲಿ ಒಂದು ಸಮಾಧಾನವಿದೆ. ಅದರ 1,527 ಸಿಸಿಯ ಟಿಯುಡಿ5 ಡೀಸೆಲ್ ಎಂಜಿನ್ನನ್ನೇ ಮಾರುತಿ ತನ್ನ ಝೆನ್, ಎಸ್ಟೀಮ್ ಡೀಸೆಲ್ ಕಾರುಗಳಿಗೆ ತರಿಸಿಕೊಂಡಿತ್ತು. ಹಾಗಾಗಿ ಝೆನ್ ಡೀಸೆಲ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ 309ಕ್ಕೂ ಕೈ ಹಾಕಬಲ್ಲ. ಇದರ ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಬೆಲ್ಟ್ ಬದಲಿಸಿದ ದಾಖಲೆ ಮಾರುವವರಲ್ಲಿ ಇಲ್ಲದಿದ್ದರೆ ಮನೆಗೆ ತಂದ ವಾರದಲ್ಲೇ ಅದನ್ನು ಬದಲಿಸುವುದು ಲೇಸು. ಇಷ್ಟಾದರೂ ನಿತ್ಯದ ಓಡಾಟಕ್ಕೆ 309 ಕೊಳ್ಳುವುದು ಜಾಣತನವಲ್ಲ. ಹುಚ್ಚಿದ್ದವರು ಕೊಳ್ಳಲಿ.

ಜೀಪಿನ ಎಂಜಿನ್ನಿಗೆ ಬೆಲ್ಟಿನ ತಲೆನೋವಿಲ್ಲ. ಪುಶ್‌ರಾಡ್ ಮಾದರಿಯ ಹಳೇ ಕಾಲದ ಕಟ್ಟು. ಆದರೆ ಡೀಸೆಲ್ ಉರಿಯುವ ಮೊದಲ ಜಾಗ ಪಿಸ್ಟನ್ನಿನ ಮೇಲಲ್ಲ, ಹೆಡ್ಡಿನೊಳಗಿನ ಪುಟ್ಟ ಕೋಣೆ. ತಣ್ಣಗಿರುವಾಗ ಆ ಕೋಣೆ ಬಿಸಿಯಾಗದೆ ಗಾಡಿ ಸ್ಟಾರ್ಟ್ ಆಗದು. ಅದಕ್ಕೇ ಹೀಟರ್ ಪ್ಲಗ್ಗುಗಳಿರುವುದು. ನಾಲ್ಕರಲ್ಲಿ ಎರಡು ಸತ್ತಿದ್ದರೆ ಡಿಸೆಂಬರಿನ ಬೆಳಿಗ್ಗೆ ಮನೆಮಂದಿಯೆಲ್ಲ ಸೇರಿ ಜೀಪು ತಳ್ಳಬೇಕು. ಪ್ಲಗ್ಗಿನ ಖರ್ಚು ಸಣ್ಣದು. ಪ್ಲಗ್ಗುಗಳೆಲ್ಲ ಸರಿಯಿದ್ದೂ ಸ್ಟಾರ್ಟಿಗೆ ತಕರಾರು ಮಾಡಿ ಬಿಳಿ ಹೊಗೆ ಕಾರಿದರೆ ಕಂಪ್ರೆಷನ್ ಕುಸಿದಿರಬಹುದು, ಆಗ ಬೋರ್ ಕೆಲಸ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್, ರಿಂಗ್ ಸವೆದಿದೆ ಎಂದೇ ಲೆಕ್ಕ.

ಇಂಥ ಜೀಪುಗಳನ್ನು ಕೊಂದದ್ದು ಹೆಚ್ಚಾಗಿ ರೇಡಿಯೇಟರಿಗೆ ಸುರಿದ ತೋಡಿನ ನೀರು. ಕೆಸರು ಕೂತು ದಾರಿ ಕಟ್ಟುತ್ತದೆ, ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಶಿರಾಡಿಯನ್ನೋ ಸಂಪಾಜೆ ಘಾಟಿಯನ್ನೋ ಒಂದೇ ಉಸಿರಿಗೆ ಹತ್ತಿಸಿ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡದೆ ಮುಂಗಡ ಕೊಡಬಾರದು. ಮುಳ್ಳು ಅಲುಗಾಡದೆ ಮಲಗಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ, ಮೀಟರ್ ಕೆಟ್ಟಿದೆ ಎಂದರ್ಥ.

ಎಂಜಿನ್ನಿಗಿಂತ ಕಾಗದ ಹೆಚ್ಚು ಸತಾಯಿಸುತ್ತದೆ. ಪುತ್ತೂರು ಆರ್‌ಟಿಒದ ಕೆಎ 21 ಬೋರ್ಡಿನ ಹಳೆ ಜೀಪುಗಳಲ್ಲಿ ಸರ್ವಿಸ್ ಓಡಿದವೂ ಇವೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಪೆಟ್ರೋಲ್ ಜೀಪಿಗೆ ಆಮೇಲೆ ಡೀಸೆಲ್ ಎಂಜಿನ್ ಹಾಕಿಸಿದವರೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆ ಬದಲಾವಣೆಗೆ ಒಪ್ಪಿಗೆ ಬೇಕು. ಎಂಜಿನ್ ಮೇಲೆ ಕೊರೆದ ಸಂಖ್ಯೆಯನ್ನು ಬ್ರಶ್ಶಿನಿಂದ ಉಜ್ಜಿ ಆರ್‌ಸಿಗೆ ತಾಳೆ ನೋಡಲು ಐದು ನಿಮಿಷ ಸಾಕು. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಲಘು ವಾಹನಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ 10,000 ಆಯಿತು. ಹತ್ತು ವರ್ಷದ ಡೀಸೆಲ್ ಗಾಡಿಗೆ ನಿಷೇಧ ಎಂದು ಹೆದರಿಸುವವರ ಮಾತಿಗೆ ಇಲ್ಲಿ ಬೆಲೆ ಕೊಡಬೇಕಿಲ್ಲ. ಅದು ದೆಹಲಿ ಸುತ್ತಲಿನ ಕಟ್ಟಳೆ.

ವಿಂಟೇಜ್ ಪಟ್ಟ ಇನ್ನೂ ದೂರ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರದ ಬೋರ್ಡು. 1986ರ ಎಂಎಂ 540ಕ್ಕೆ ಆ ಯೋಗ 2036ರಲ್ಲಿ. ಆ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಓಡಿಸುವಂತಿಲ್ಲ, ಅಡಿಕೆ ಗೋಣಿ ಹೇರಿಕೊಂಡು ದಿನವೂ ಪೇಟೆಗೆ ಬರುವಂತೆಯೂ ಇಲ್ಲ. ಹಾಗಾಗಿ ತೋಟದವರಿಗೆ ಆ ಪಟ್ಟದಿಂದ ಲಾಭವಿಲ್ಲ. ಹಳೆ ಕಾರನ್ನು ಕಣ್ತುಂಬ ನೋಡಿದರೆ ಸಾಕು ಎನ್ನುವವರಿಗೆ ಉಪ್ಪಿನಂಗಡಿ ದಾಟಿದರೆ ಧರ್ಮಸ್ಥಳದ ಕಾರು ಸಂಗ್ರಹಾಲಯವಿದೆ.

ಕೊಂಡ ಮೇಲೆ ಸಾಕುವುದು ಮಳೆಯೊಡನೆ ಜಗಳ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿದು. ಚಾಸಿಸ್ಸಿನ ಮೂಲೆಗಳಲ್ಲಿ ಕೂತ ಕೆಂಪುಮಣ್ಣು ಒದ್ದೆ ಬಟ್ಟೆಯಂತೆ ನೀರು ಹಿಡಿದುಕೊಂಡೇ ಇರುತ್ತದೆ. ತುಕ್ಕು ಶುರುವಾಗುವುದು ಅಲ್ಲಿ. ಜೂನಿಗೆ ಮೊದಲು ಅಡಿ ತೊಳೆಸಿ, ಒಣಗಿಸಿ, ತುಕ್ಕುನಿರೋಧಕ ಬಳಿಸಬೇಕು. ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ಇಳಿದು ಪಂಪಿಗೂ ನಾಜಲ್ಲಿಗೂ ಕಂಟಕ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಯೇ ಇರಲಿ. ಬಿಡಿಭಾಗ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು. ಒಂದೇ ಮಾದರಿ ಎಂದು ಹೆಸರಿದ್ದರೂ ಅಳತೆ ಬೇರೆಯಿರುತ್ತದೆ. ಮದ್ದಿನ ಡ್ರಮ್ಮು ಸಾಗಿಸಲು ಪಿಕಪ್ ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಈ ಜೀಪು ಬೇಡ.

ಇನ್ನೊಂದು ವಿಚಿತ್ರವೂ ಇದೆ. ಅಮೆರಿಕದ ಜೀಪ್ ಕಂಪನಿಯೂ ಫ್ರಾನ್ಸಿನ ಪ್ಯೂಜೋ ಕಂಪನಿಯೂ 2021ರಲ್ಲಿ ಸ್ಟೆಲಾಂಟಿಸ್ ಎಂಬ ಒಂದೇ ಸೂರಿನಡಿ ಬಂದವು. ಜೀಪಿನ ಮೈಗೆ ಪ್ಯೂಜೋ ಎಂಜಿನ್ ಕೂಡಿಸುವ ಕೆಲಸವನ್ನು ನಮ್ಮಲ್ಲಿ ಅದಕ್ಕಿಂತ ಮೂರೂವರೆ ದಶಕ ಮೊದಲೇ ಮಾಡಿ ಮುಗಿಸಿದ್ದರು.

ನೋಡಲು ಹೋಗುವವರು ಬೆಳಿಗ್ಗೆಯೇ ಹೋಗಿ, ಮುಂಚಿತವಾಗಿ ಫೋನ್ ಮಾಡಬೇಡಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಗಾಡಿಯನ್ನು ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಆ ದಿನ ಕಾಫಿ ಕುಡಿದು ಬನ್ನಿ, ಕೀಲಿ ತಿರುಗಿಸಲು ಮರುದಿನ ಹೋಗಿ.