ರೋವರ್ ಚಿತ್ರಗಳಿಂದ ವಿಡಿಯೊ: ಪ್ರತಿ ಫ್ರೇಮಿಗೂ ಒಂದು ವೋಚರ್ ಬೇಕು

ಚಂದ್ರನ ಮೇಲೆ ಓಡಾಡಿದ ಪ್ರಜ್ಞಾನ್ ರೋವರ್‌ನ ವಿಡಿಯೊಗಳನ್ನು ನಾವೆಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ಅವುಗಳಲ್ಲಿ ಕೆಲವು ಇಸ್ರೊ ಬಿಡುಗಡೆ ಮಾಡಿದ ನಿಜವಾದ ದೃಶ್ಯಗಳು. ಇನ್ನು ಕೆಲವು ಯಾರೋ ಕಂಪ್ಯೂಟರಿನಲ್ಲಿ ತಯಾರಿಸಿದವು. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಎರಡೂ ಒಂದೇ ರೀತಿಯಲ್ಲಿ ಬಂದು ಬೀಳುತ್ತವೆ. "ಇದು ನಿಜವಾ?" ಎಂದು ಮನೆಯವರು ಕೇಳಿದರೆ ನಾವು ಏನು ಹೇಳಬೇಕು?

ಇದು ಸೈನ್ಸ್ ವಿದ್ಯಾರ್ಥಿಗಳಿಗೆ ಮಾತ್ರ ಅರ್ಥವಾಗುವ ವಿಷಯ ಎಂದು ನಮ್ಮ ಕಾಮರ್ಸ್ ತರಗತಿಯಲ್ಲಿ ಹಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ರೋವರ್ ಕಳುಹಿಸಿದ ಬಿಡಿ ಚಿತ್ರಗಳನ್ನು ಜೋಡಿಸಿ ಟೈಮ್‌ಲ್ಯಾಪ್ಸ್ ವಿಡಿಯೊ ಮಾಡುವ ಕೆಲಸ ಲೆಕ್ಕ ಬರೆಯುವ ಕೆಲಸಕ್ಕೆ ಬಹಳ ಹತ್ತಿರ. ಅದನ್ನು ಒಮ್ಮೆ ತಿಳಿದುಕೊಂಡರೆ ನಿಜವಾದ ವಿಡಿಯೊ ಯಾವುದು ಎಂದು ಪರೀಕ್ಷಿಸುವುದೂ ಬರುತ್ತದೆ.

ಟೈಮ್‌ಲ್ಯಾಪ್ಸ್ ಎಂದರೇನು?

ಸಾಮಾನ್ಯ ವಿಡಿಯೊದಲ್ಲಿ ಒಂದು ಸೆಕೆಂಡಿಗೆ 25 ಅಥವಾ 30 ಚಿತ್ರಗಳಿರುತ್ತವೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಎನ್ನುತ್ತಾರೆ. ಟೈಮ್‌ಲ್ಯಾಪ್ಸ್‌ನಲ್ಲಿ ಚಿತ್ರಗಳನ್ನು ನಿಧಾನವಾಗಿ ತೆಗೆದು, ಬೇಗ ಬೇಗ ತೋರಿಸುತ್ತಾರೆ. ಉದಾಹರಣೆಗೆ 5 ನಿಮಿಷಕ್ಕೆ ಒಂದರಂತೆ 12 ಗಂಟೆ ಚಿತ್ರ ತೆಗೆದರೆ 144 ಚಿತ್ರಗಳಾಗುತ್ತವೆ. ಅವನ್ನು ಸೆಕೆಂಡಿಗೆ 12ರಂತೆ ತೋರಿಸಿದರೆ 12 ಸೆಕೆಂಡಿನ ವಿಡಿಯೊ ಸಿಗುತ್ತದೆ. ಅಂದರೆ ವಿಡಿಯೊದ ಒಂದು ಸೆಕೆಂಡು ನಿಜವಾದ ಒಂದು ಗಂಟೆಗೆ ಸಮ. ಇಡೀ ಹಗಲು 12 ಸೆಕೆಂಡಿನಲ್ಲಿ ಮುಗಿಯುತ್ತದೆ.

ರೋವರ್‌ಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಏಕೆಂದರೆ ಅವು ಬಹಳ ನಿಧಾನ. ಪ್ರಜ್ಞಾನ್‌ನ ವೇಗ ಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ. ಜೊತೆಗೆ ರೋವರ್ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಚಿತ್ರ ತೆಗೆಯುತ್ತದೆ, ಆದೇಶಕ್ಕಾಗಿ ಕಾಯುತ್ತದೆ, ಮತ್ತೆ ಹೊರಡುತ್ತದೆ. ಅದನ್ನು ಇದ್ದ ಹಾಗೆಯೇ ನೋಡುತ್ತಾ ಕೂತರೆ ನಮಗೆ ನಿದ್ದೆ ಬರುವುದು ಖಂಡಿತ.

ಈ ಕೆಲಸ ನಡೆದದ್ದು ನಮ್ಮ ಅಕ್ಕಪಕ್ಕದಲ್ಲೇ

ಚಂದ್ರಯಾನ–3 ಹಾರಿದ್ದು 2023ರ ಜುಲೈ 14ರಂದು ಶ್ರೀಹರಿಕೋಟದಿಂದ. ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದು ಆಗಸ್ಟ್ 23ರ ಸಂಜೆ. ಆದರೆ ಪ್ರಜ್ಞಾನ್‌ನ ಚಿತ್ರಗಳ ಕಥೆಯಲ್ಲಿ ನಮ್ಮ ಪಶ್ಚಿಮ ಬೆಂಗಳೂರಿನ ಪಾಲು ದೊಡ್ಡದು. ರೋವರ್‌ನ ಮುಂದೆ ಎರಡು ಕಣ್ಣುಗಳಂತೆ ಇದ್ದ ನ್ಯಾವಿಗೇಷನ್ ಕ್ಯಾಮೆರಾಗಳನ್ನು ತಯಾರಿಸಿದ್ದು ಇಸ್ರೊದ ಲಿಯೋಸ್ ಪ್ರಯೋಗಾಲಯ. ಇದು ಇರುವುದು ಪೀಣ್ಯದಲ್ಲಿ. ನೌಕೆಗೆ ಆದೇಶ ಕೊಡುತ್ತಿದ್ದ ಇಸ್ಟ್ರ್ಯಾಕ್ ಕೇಂದ್ರವೂ ಪೀಣ್ಯದಲ್ಲೇ ಇದೆ. ರಾಜಾಜಿನಗರದಿಂದ ಹೋಗುವ ಬಸ್ಸಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಆ ಕಡೆ ಓಡಾಡಿರುತ್ತೇವೆ.

ಚಿತ್ರಗಳು ಬರುತ್ತಿದ್ದ ದಾರಿಯೂ ನಮ್ಮ ಕಡೆಯದೇ. ರೋವರ್‌ಗೆ ಭೂಮಿಯ ಜೊತೆ ನೇರವಾಗಿ ಮಾತನಾಡಲು ಆಗುತ್ತಿರಲಿಲ್ಲ. ಅದು ವಿಕ್ರಮ್‌ಗೆ ಚಿತ್ರ ಕೊಡುತ್ತಿತ್ತು, ವಿಕ್ರಮ್ ಅದನ್ನು ಭೂಮಿಗೆ ಕಳುಹಿಸುತ್ತಿತ್ತು. ಅದನ್ನು ಹಿಡಿಯುವ ದೊಡ್ಡ ಆಂಟೆನಾ ಇರುವುದು ಕೆಂಗೇರಿಯಿಂದ ಆಚೆ ಬ್ಯಾಲಾಳು ಎಂಬ ಹಳ್ಳಿಯಲ್ಲಿ. ಅಲ್ಲಿ 32 ಮೀಟರ್ ಮತ್ತು 18 ಮೀಟರ್ ಅಗಲದ ಎರಡು ಬಟ್ಟಲಿನಾಕಾರದ ಆಂಟೆನಾಗಳು 2008ರ ಚಂದ್ರಯಾನ–1ರ ಕಾಲದಿಂದ ಕೆಲಸ ಮಾಡುತ್ತಿವೆ. ಬಾಹ್ಯಾಕಾಶ ವಿಜ್ಞಾನದ ದತ್ತಾಂಶವನ್ನು ಕೂಡಿಡುವ ಕೇಂದ್ರವೂ ಅಲ್ಲಿಯೇ ಇದೆ.

ಪೀಣ್ಯದ ತಂಡ ಎರಡು ಕ್ಯಾಮೆರಾಗಳ ಚಿತ್ರಗಳಿಂದ ಮುಂದಿನ ನೆಲದ ಏರುತಗ್ಗಿನ ನಕ್ಷೆ ಮಾಡಿ, ಯಾವ ದಾರಿ ಸುರಕ್ಷಿತ ಎಂದು ನೋಡಿ, ಆಮೇಲೆ ಆದೇಶ ಕಳುಹಿಸುತ್ತಿತ್ತು. ಆ ಕ್ಯಾಮೆರಾ ಚಿತ್ರಗಳಿಂದ ಸುಮಾರು 5 ಮೀಟರ್ ದೂರದವರೆಗೆ ಮಾತ್ರ ದಾರಿ ಲೆಕ್ಕ ಹಾಕಬಹುದಿತ್ತು. ಆದ್ದರಿಂದ ಒಂದು ಸಲಕ್ಕೆ ಹೆಚ್ಚೆಂದರೆ 5 ಮೀಟರ್ ನಡಿಗೆ. ಆಗಸ್ಟ್ 27ರಂದು 4 ಮೀಟರ್ ಅಗಲದ ಒಂದು ಗುಂಡಿ 3 ಮೀಟರ್ ಮುಂದೆಯೇ ಕಂಡಾಗ ರೋವರ್ ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು. ಸೆಪ್ಟೆಂಬರ್ 2ರಂದು ಅದನ್ನು ನಿದ್ರೆಗೆ ಕಳುಹಿಸುವ ಹೊತ್ತಿಗೆ ಅದು ಒಟ್ಟು 100 ಮೀಟರಿಗಿಂತ ಸ್ವಲ್ಪ ಹೆಚ್ಚು ನಡೆದಿತ್ತು. 100ನ್ನು 5ರಿಂದ ಭಾಗಿಸಿ ನೋಡಿ. ಕನಿಷ್ಠ 20 ಸಲ ನಿಂತು ಹೊರಟಿದೆ ಎಂದಾಯಿತು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಡಿಯೊ ಮಾಡುವ ಕ್ರಮ

ಮೊದಲು ಚಿತ್ರಗಳು ಬೇಕು. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹದಲ್ಲಿರುವ ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ರೋವರ್‌ಗಳ ಕಚ್ಚಾ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಇಟ್ಟಿದೆ. ಕಲಿಯಲು ಇವು ಸುಲಭ. ಚಂದ್ರಯಾನ–3ರ ದತ್ತಾಂಶವನ್ನು ಇಸ್ರೊ 2024ರ ಆಗಸ್ಟ್ 23ರಂದು, ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು, ಪ್ರದಾನ್ ಎಂಬ ತನ್ನ ಪೋರ್ಟಲ್ ಮೂಲಕ ಸಾರ್ವಜನಿಕರಿಗೆ ಕೊಟ್ಟಿತು. ಅಲ್ಲಿ ಹೆಸರು ನೋಂದಾಯಿಸಬೇಕು. ಫೈಲುಗಳು ವಿಜ್ಞಾನಿಗಳು ಬಳಸುವ ರೂಪದಲ್ಲಿರುವುದರಿಂದ ತೆರೆಯಲು ಸ್ವಲ್ಪ ತಾಳ್ಮೆ ಬೇಕು.

ಎರಡನೆಯದು ಆಯ್ಕೆ. ಒಂದೇ ಕ್ಯಾಮೆರಾದ ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಮುಂದಿನ ಕ್ಯಾಮೆರಾದ ಒಂದು, ಹಿಂದಿನದರ ಒಂದು ಎಂದು ಬೆರೆಸಿದರೆ ವಿಡಿಯೊ ಕುಣಿಯುತ್ತದೆ. ತೀರಾ ಚಿಕ್ಕದಾದ ಮುನ್ನೋಟದ ಚಿತ್ರಗಳನ್ನೂ ಬಿಡಬೇಕು.

ಮೂರನೆಯದು ಜೋಡಣೆಯ ಕ್ರಮ. ನಮ್ಮ ಅಕೌಂಟೆನ್ಸಿ ಕೆಲಸಕ್ಕೆ ಬರುವುದು ಇಲ್ಲಿ. ಮಂಗಳದಿಂದ ಚಿತ್ರಗಳು ತೆಗೆದ ಕ್ರಮದಲ್ಲೇ ಭೂಮಿಗೆ ಬರುವುದಿಲ್ಲ. ತುರ್ತಿನವು ಮೊದಲು ಬರುತ್ತವೆ, ಉಳಿದವು ಕೆಲವು ದಿನಗಳ ನಂತರವೂ ಬರಬಹುದು. ಆದ್ದರಿಂದ ಚಿತ್ರ ತಲುಪಿದ ದಿನಾಂಕ ಬೇರೆ, ತೆಗೆದ ದಿನಾಂಕ ಬೇರೆ. ಜನವರಿಯಲ್ಲಿ ಆದ ವ್ಯವಹಾರದ ಬಿಲ್ಲು ಮಾರ್ಚ್‌ನಲ್ಲಿ ಕೈಗೆ ಸಿಕ್ಕರೂ ಅದು ಜನವರಿಯ ವ್ಯವಹಾರವೇ ಅಲ್ಲವೇ? ಇಲ್ಲಿಯೂ ಹಾಗೆಯೇ. ತೆಗೆದ ಸಮಯದ ಪ್ರಕಾರವೇ ಜೋಡಿಸಬೇಕು.

ಆ ಸಮಯ ಫೈಲಿನ ಹೆಸರಿನಲ್ಲೇ ಇರುತ್ತದೆ. ಕ್ಯೂರಿಯಾಸಿಟಿಯ ನ್ಯಾವಿಗೇಷನ್ ಕ್ಯಾಮೆರಾ ಚಿತ್ರಗಳ ಫೈಲ್ ಹೆಸರಿನ ಮೊದಲ ಅಕ್ಷರಗಳು ಯಾವ ಕ್ಯಾಮೆರಾ ಎಂದು ಹೇಳುತ್ತವೆ. ನಂತರ ಬರುವ 9 ಅಂಕಿಗಳು ರೋವರ್‌ನ ಗಡಿಯಾರದ ಸೆಕೆಂಡುಗಳು. ಆ ಎಣಿಕೆ ಶುರುವಾಗುವುದು 2000ರ ಜನವರಿ 1ರಿಂದ. ಹೀಗಾಗಿ ಪ್ರತಿ ಚಿತ್ರಕ್ಕೂ ನಂಬರ್ ಇರುವ ಒಂದು ವೋಚರ್ ಇದ್ದಂತೆ. ಫೈಲುಗಳನ್ನು ಆ ನಂಬರಿನ ಪ್ರಕಾರ ಸಾಲಾಗಿ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ನಾಲ್ಕನೆಯದು ಸರಿಹೊಂದಿಸುವುದು. ಕ್ಯಾಮೆರಾ ಸ್ವಲ್ಪ ಅಲುಗಾಡಿದ್ದರೆ, ದೂರದ ಬೆಟ್ಟದಂತಹ ಒಂದು ಸ್ಥಿರ ಗುರುತು ಎಲ್ಲ ಫ್ರೇಮುಗಳಲ್ಲೂ ಒಂದೇ ಜಾಗದಲ್ಲಿ ಬರುವಂತೆ ಚಿತ್ರವನ್ನು ಸರಿಸಬೇಕು. ಬೆಳಕು ಹೆಚ್ಚುಕಡಿಮೆ ಇದ್ದು ವಿಡಿಯೊ ಮಿಣುಕುತ್ತಿದ್ದರೆ ಅದನ್ನೂ ತಕ್ಕಮಟ್ಟಿಗೆ ಸಮ ಮಾಡಬಹುದು. ಕೊನೆಗೆ ವಿಡಿಯೊ ಎಡಿಟಿಂಗ್ ಆ್ಯಪ್‌ನಲ್ಲಿ ಚಿತ್ರಗಳನ್ನು ಹಾಕಿ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಆರಿಸಿದರೆ ಆಯಿತು. ಇಷ್ಟಕ್ಕೆ ಲ್ಯಾಪ್‌ಟಾಪ್ ಇರಲೇಬೇಕೆಂದಿಲ್ಲ, ಫೋನಿನಲ್ಲೂ ಆಗುತ್ತದೆ.

ಹೀಗೆ ಮಾಡಿದ ಎರಡು ವಿಡಿಯೊಗಳನ್ನು ನೀವು ಅವಶ್ಯ ನೋಡಬೇಕು. 2004ರಲ್ಲಿ ಮಂಗಳಕ್ಕಿಳಿದ ಆಪರ್ಚ್ಯುನಿಟಿ ರೋವರ್ 2015ರ ಮಾರ್ಚ್‌ನಲ್ಲಿ ಮ್ಯಾರಥಾನ್ ಓಟದಷ್ಟು ದೂರ, ಅಂದರೆ 42 ಕಿಲೋಮೀಟರಿಗೂ ಹೆಚ್ಚು, ಕ್ರಮಿಸಿ ಮುಗಿಸಿತು. ಆ 11 ವರ್ಷದ ದಾರಿಯನ್ನು ನಾಸಾ ಸುಮಾರು 8 ನಿಮಿಷದ ಟೈಮ್‌ಲ್ಯಾಪ್ಸ್ ಮಾಡಿದೆ. ಇನ್ನೊಂದರಲ್ಲಿ ಕ್ಯೂರಿಯಾಸಿಟಿ ಚಲಿಸುವುದೇ ಇಲ್ಲ. 2023ರ ನವೆಂಬರ್ 8ರಂದು ಅದು ನಿಂತಲ್ಲೇ ನಿಂತು 12 ಗಂಟೆ ಕಾಲ ಚಿತ್ರ ತೆಗೆಯಿತು. ಬೆಳಗಿನಿಂದ ಸಂಜೆಯವರೆಗೆ ರೋವರ್‌ನ ನೆರಳು ಮಂಗಳದ ನೆಲದ ಮೇಲೆ ಸರಿಯುವುದು ಅದರಲ್ಲಿ ಕಾಣುತ್ತದೆ.

ಇಲ್ಲದ ಫ್ರೇಮ್ ಎಲ್ಲಿಂದ ಬಂತು?

ಎಲ್ಲ ಟೈಮ್‌ಲ್ಯಾಪ್ಸ್‌ನಲ್ಲೂ ಒಂದು ಕಷ್ಟ ಬರುತ್ತದೆ. ಕೆಲವು ಚಿತ್ರಗಳು ಇರುವುದೇ ಇಲ್ಲ. ರೋವರ್ ಆ ಹೊತ್ತಿನಲ್ಲಿ ಚಿತ್ರ ತೆಗೆದಿರುವುದಿಲ್ಲ, ಅಥವಾ ಅದು ಭೂಮಿಗೆ ಬಂದಿರುವುದಿಲ್ಲ. ಆಗ ವಿಡಿಯೊ ಒಮ್ಮೆಲೇ ಜಿಗಿಯುತ್ತದೆ. ಈಗಿನ ಸಾಫ್ಟ್‌ವೇರ್‌ಗಳು ಎರಡು ಚಿತ್ರಗಳ ನಡುವೆ ಇರಬಹುದಾದ ಚಿತ್ರವನ್ನು ಊಹಿಸಿ ತಾವೇ ತುಂಬಿಬಿಡುತ್ತವೆ. ವಿಡಿಯೊ ಬೆಣ್ಣೆಯಂತೆ ನಯವಾಗಿ ಓಡುತ್ತದೆ. ಆದರೆ ಆ ಫ್ರೇಮುಗಳಿಗೆ ವೋಚರ್ ಇಲ್ಲ. ಅಲ್ಲಿ ಯಾವ ಕ್ಯಾಮೆರಾವೂ ಏನನ್ನೂ ನೋಡಿಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದರೆ ನಾವು ಏನು ಮಾಡುತ್ತೇವೆ? ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತೇವೆ. ತಾಳೆ ಆಗಲಿ ಎಂದು ಇಲ್ಲದ ಒಂದು ಎಂಟ್ರಿಯನ್ನು ಹುಟ್ಟಿಸುವುದಿಲ್ಲ. ನನ್ನ ಅಬ್ಬಾ ಅಂಗಡಿಯ ಹಿಸಾಬ್ ಬರೆಯುವಾಗ ಗೊತ್ತಿಲ್ಲದ ಮೊತ್ತದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡುತ್ತಾರೆ. ವಿಡಿಯೊದಲ್ಲೂ ಅದೇ ನ್ಯಾಯ ಇರಲಿ. ಖಾಲಿ ಜಾಗದಲ್ಲಿ ಹಿಂದಿನ ಚಿತ್ರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಬಹುದು, ಅಥವಾ "ಇಲ್ಲಿ ಚಿತ್ರಗಳಿಲ್ಲ" ಎಂದು ಬರೆಯಬಹುದು. ಜರ್ನಲ್ ಎಂಟ್ರಿಗೆ ನರೇಷನ್ ಬರೆಯುವ ಹಾಗೆ ವಿಡಿಯೊದ ಕೆಳಗೆ ನಾಲ್ಕು ವಿಷಯ ಇರಬೇಕು: ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಚಿತ್ರಗಳು, ನಾವು ಏನೇನು ಬದಲಾಯಿಸಿದೆವು. ಚಿತ್ರ ಕೊಟ್ಟ ಸಂಸ್ಥೆಯ ಹೆಸರನ್ನೂ ಮರೆಯಬಾರದು.

ಸ್ವಲ್ಪ ಅಂದಗಾಣಿಸಿದರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಪ್ರಜ್ಞಾನ್‌ನ ಹಿಂದಿನ ಚಕ್ರಗಳಲ್ಲಿ ನಮ್ಮ ರಾಷ್ಟ್ರಲಾಂಛನ ಮತ್ತು ಇಸ್ರೊ ಗುರುತು ಇದ್ದವು. 2023ರಲ್ಲಿ ಆ ಲಾಂಛನ ಚಂದ್ರನ ಮಣ್ಣಿನಲ್ಲಿ ಬಹಳ ಸ್ಪಷ್ಟವಾಗಿ ಅಚ್ಚಾದಂತೆ ಕಾಣುವ ಚಿತ್ರವೊಂದು ಎಲ್ಲೆಡೆ ಹರಿದಾಡಿತು. ಅದು ಒಬ್ಬ ಕಲಾವಿದರು ಕಂಪ್ಯೂಟರಿನಲ್ಲಿ ಮಾಡಿದ್ದು. ನಿಜವಾಗಿ ಆದದ್ದು ಬೇರೆ. ಗುರುತು ಸ್ಪಷ್ಟವಾಗಿ ಮೂಡಲೇ ಇಲ್ಲ. ಅಲ್ಲಿನ ಮಣ್ಣು ನುಣ್ಣನೆಯ ಧೂಳಿನಂತಿರದೆ ಗಂಟುಗಂಟಾಗಿದೆ ಎಂಬುದು ಅದರಿಂದ ವಿಜ್ಞಾನಿಗಳಿಗೆ ತಿಳಿಯಿತು. ಅಂದರೆ ಮೂಡದ ಗುರುತೇ ಒಂದು ಹೊಸ ಮಾಹಿತಿ. ನಮ್ಮ ದೇಶ ಅಷ್ಟು ಕಷ್ಟಪಟ್ಟು ತಂದ ಆ ಮಾಹಿತಿಯನ್ನು ಆ ಅಂದದ ಚಿತ್ರ ಮುಚ್ಚಿಹಾಕಿತು.

ಕ್ಯಾಮೆರಾ ಯಾರ ಕೈಯಲ್ಲಿತ್ತು?

ಯಾವುದಾದರೂ ವಿಡಿಯೊ ಬಂದರೆ ಮೊದಲು ಈ ಪ್ರಶ್ನೆ ಕೇಳಿ. ಪ್ರಜ್ಞಾನ್ ಇಳಿದ ಜಾಗದಲ್ಲಿ ಇದ್ದದ್ದು ಎರಡೇ: ವಿಕ್ರಮ್ ಮತ್ತು ಪ್ರಜ್ಞಾನ್. ವಿಡಿಯೊದಲ್ಲಿ ಪ್ರಜ್ಞಾನ್ ಕಾಣುತ್ತಿದ್ದರೆ ಅದನ್ನು ವಿಕ್ರಮ್ ನಿಂತ ಕಡೆಯಿಂದಲೇ ತೆಗೆದಿರಬೇಕು. ರೋವರ್ ಇಳಿಜಾರಿನ ಹಲಗೆಯಿಂದ ಇಳಿಯುವುದು, ಸುರಕ್ಷಿತ ದಾರಿ ಹುಡುಕುತ್ತಾ ನಿಂತಲ್ಲೇ ಸುತ್ತುವುದು, ಇವೆಲ್ಲ ಹಾಗೆ ವಿಕ್ರಮ್‌ನ ಕ್ಯಾಮೆರಾ ಕಂಡ ನಿಜವಾದ ದೃಶ್ಯಗಳು. ವಿಡಿಯೊದಲ್ಲಿ ವಿಕ್ರಮ್ ಕಾಣುತ್ತಿದ್ದರೆ ಅದು ಪ್ರಜ್ಞಾನ್ ತೆಗೆದದ್ದಿರಬೇಕು. ಆಗಸ್ಟ್ 30ರಂದು ಇಸ್ರೊ ಬಿಡುಗಡೆ ಮಾಡಿದ ವಿಕ್ರಮ್‌ನ ಕಪ್ಪುಬಿಳುಪು ಚಿತ್ರ ಅಂಥದ್ದು. ಎರಡೂ ಒಟ್ಟಿಗೆ ಪೂರ್ತಿಯಾಗಿ ಕಾಣುತ್ತಿದ್ದರೆ, ಅಥವಾ ಕ್ಯಾಮೆರಾ ರೋವರ್‌ನ ಸುತ್ತ ಹಾರಾಡುತ್ತಿದ್ದರೆ, ಅದನ್ನು ತೆಗೆಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲೂ ನಿಲ್ಲದೆ ರೋವರ್ ಸರಾಗವಾಗಿ ಓಡುತ್ತಲೇ ಇದ್ದರೆ ಆ 20 ನಿಲುಗಡೆಗಳ ಲೆಕ್ಕ ನೆನಪಿಸಿಕೊಳ್ಳಿ.

ನೀವೂ ಮಾಡಿ ನೋಡಿ

ರೋವರ್ ಆಗಲು ಚಂದ್ರನಿಗೇ ಹೋಗಬೇಕಿಲ್ಲ. ಕಾಲೇಜು ಗೇಟಿನಿಂದ ಬಸ್ ನಿಲ್ದಾಣದವರೆಗೆ ಫುಟ್‌ಪಾತ್ ಮೇಲೆ ನಡೆಯಿರಿ. ಪ್ರತಿ 20 ಹೆಜ್ಜೆಗೆ ನಿಂತು, ಫೋನನ್ನು ಎದೆಯ ಎತ್ತರದಲ್ಲಿ ಹಿಡಿದು, ಮುಂದಕ್ಕೆ ಒಂದು ಫೋಟೊ ತೆಗೆಯಿರಿ. ನಡೆಯುತ್ತಾ ತೆಗೆಯಬೇಡಿ. ದಾರಿಯಲ್ಲಿ ಗುಂಡಿ ಸಿಗುವುದು ನಮ್ಮ ಕಡೆ ಖಾತ್ರಿ, ಪ್ರಜ್ಞಾನ್‌ನ ಕಷ್ಟವೂ ಆಗ ಅರ್ಥವಾಗುತ್ತದೆ. ಇಲ್ಲವಾದರೆ ಭಾನುವಾರ ಮನೆಯ ಮಹಡಿ ಮೇಲೆ ಒಂದು ಕೋಲು ನಿಲ್ಲಿಸಿ, ಫೋನನ್ನು ಅಲುಗದಂತೆ ಇಟ್ಟು, 5 ನಿಮಿಷಕ್ಕೊಂದು ಫೋಟೊ ತೆಗೆದು ನೆರಳಿನ ವಿಡಿಯೊ ಮಾಡಿ. ಮಧ್ಯೆ ಯಾರಾದರೂ ಫೋನ್ ಮಾಡಿ ಒಂದೆರಡು ಫೋಟೊ ತಪ್ಪಿಹೋದರೆ ಅಲ್ಲಿ ಖಾಲಿ ಬಿಡಿ, ಎಷ್ಟು ತಪ್ಪಿತು ಎಂದು ಬರೆಯಿರಿ.

ಆಮೇಲೆ ಕ್ಯೂರಿಯಾಸಿಟಿಯ ಒಂದು ದಿನದ ಚಿತ್ರಗಳನ್ನು ತೆಗೆದುಕೊಳ್ಳಿ. ಮೂರು ನಾಲ್ಕು ಜನ ಸೇರಿದರೆ ಒಬ್ಬರು ಚಿತ್ರ ಆರಿಸಬಹುದು, ಒಬ್ಬರು ಸಾಲಾಗಿ ಜೋಡಿಸಬಹುದು, ಒಬ್ಬರು ನರೇಷನ್ ಬರೆಯಬಹುದು. ಸೈನ್ಸ್‌ನವರು ಕ್ಯಾಮೆರಾ ಬಗ್ಗೆ ನಮಗೆ ಹೇಳಿಕೊಡಲಿ. ದಿನಾಂಕ ಮತ್ತು ವೋಚರ್ ತಾಳೆ ನೋಡುವ ಕೆಲಸವನ್ನು ಕಾಮರ್ಸ್‌ನವರಿಗೆ ಬಿಡಲಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ