ಕೊಡದಲ್ಲಿ ಬೆಳೆಯುವ ಮೀನು

ಮತ್ಸ್ಯಾವತಾರದ ಕಥೆ ನಮ್ಮಲ್ಲಿ ಎಳೆಯ ಮಕ್ಕಳಿಗೂ ತಿಳಿದದ್ದೇ. ಅದರ ಬಹು ಹಳೆಯ ರೂಪವೊಂದು ಶತಪಥ ಬ್ರಾಹ್ಮಣದಲ್ಲಿದೆ. ಬೆಳಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ ಮನುವಿಗೆ ಪುಟ್ಟ ಮೀನೊಂದು ಸಿಕ್ಕಿತು. ಮೀನನ್ನು ಮೀನೇ ನುಂಗುತ್ತದೆ, ಚಿಕ್ಕವನಾಗಿರುವಷ್ಟು ಕಾಲ ನನಗೆ ಭಯ ತಪ್ಪದು, ನನ್ನನ್ನು ಕಾಪಾಡು ಎಂದು ಅದು ಬೇಡಿಕೊಂಡಿತು. ಮೊದಲು ಕೊಡದಲ್ಲಿಡು, ಕೊಡ ಸಾಲದಾದಾಗ ಗುಂಡಿ ತೋಡಿ ಅದರಲ್ಲಿ ಬಿಡು, ಅದೂ ಸಾಲದಾದಾಗ ಕಡಲಿಗೆ ಒಯ್ಯು ಎಂದು ತನ್ನ ಪೋಷಣೆಯ ಕ್ರಮವನ್ನೂ ತಾನೇ ಹೇಳಿಕೊಟ್ಟಿತು. ಮುಂದೆ ಬಂದ ಪ್ರಳಯ, ಮನುವಿನ ಹಡಗು ಇವೆಲ್ಲ ನಮ್ಮ ನೆನಪಿನಲ್ಲಿ ಉಳಿದಿವೆ. ಕೊಡ, ಗುಂಡಿ, ಕಡಲು ಎಂಬ ಮೂರು ನೆಲೆಗಳ ಲೆಕ್ಕ ಮಾತ್ರ ಮರೆತುಹೋಗಿದೆ. ಮನೆಯ ಗಾಜಿನ ತೊಟ್ಟಿಯಲ್ಲಿ ದೊಡ್ಡ ಜಾತಿಯ ಬೇಟೆಗಾರ ಮೀನುಗಳನ್ನು ಸಾಕುವ ಹವ್ಯಾಸವನ್ನು ಕುರಿತು ಮಾತನಾಡುವಾಗ ನನಗೆ ಮೊದಲು ಹೊಳೆಯುವುದು ಆ ಲೆಕ್ಕವೇ.

ಕನ್ನಡದ ಮೇಷ್ಟರಿಗೂ ಮೀನಿಗೂ ಎಲ್ಲಿಯ ನಂಟು ಎಂದು ಕೇಳುಗರು ಹುಬ್ಬೇರಿಸಬಹುದು. ನಂಟು ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಉಂಟು. ಮೀನಿನ ಬಗೆಗಳು, ಅವಕ್ಕೆ ಹಾಕತಕ್ಕ ಆಹಾರ, ಗಾಳ ಹಾಕುವ ಕ್ರಮ ಎಲ್ಲವನ್ನೂ ಆ ಅರಸ ಅಚ್ಚುಕಟ್ಟಾಗಿ ವಿವರಿಸಿದ್ದಾನೆ. ಗಾಜಿನ ಗೋಡೆಯ ಹಿಂದೆ ಮೀನನ್ನಿಟ್ಟು ನೋಡುವ ಪರಿಪಾಠ ಮಾತ್ರ ಈಚಿನದು. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆದದ್ದು 1853ರಲ್ಲಿ. ಅಕ್ವೇರಿಯಂ ಎಂಬ ಮಾತು ಮನೆಮಾತಾದದ್ದು ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಆ ಹೆಸರಿನ ಪುಸ್ತಕವನ್ನು ಪ್ರಕಟಿಸಿದ ಮೇಲೆ. ನಿವೃತ್ತನಾದ ಬಳಿಕ ನಾನೂ ಹಜಾರದಲ್ಲಿ ಒಂದು ತೊಟ್ಟಿಯನ್ನಿರಿಸಿ ಎರಡು ಆಸ್ಕರ್ ಮೀನುಗಳನ್ನು ಸಾಕುತ್ತ ಬಂದಿದ್ದೇನೆ. ನನ್ನ ಮಾತಿಗೆ ಪುಸ್ತಕದ ಜೊತೆಗೆ ಅವುಗಳ ಸಾಕ್ಷ್ಯವೂ ಇದೆ.

ಈಗ ಪೇಟೆಯ ಮೀನಿನ ಅಂಗಡಿಗಳಲ್ಲಿ ಕಾಣುವ ಕೆಲವು ಬೇಟೆಗಾರರನ್ನು ಪರಿಚಯ ಮಾಡಿಕೊಳ್ಳೋಣ. ಆಸ್ಕರ್ ಅಮೆಜಾನ್ ನದಿಯ ಸೀಮೆಯದು. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ಮರಿ ಒಳ್ಳೆಯ ಪೋಷಣೆಯಲ್ಲಿ ಮೊದಲ ವರ್ಷದಲ್ಲಿಯೇ 20 ರಿಂದ 25 ಸೆಂಟಿಮೀಟರ್ ಬೆಳೆದು, ಮುಂದೆ 30 ಸೆಂಟಿಮೀಟರನ್ನೂ ಮುಟ್ಟುತ್ತದೆ. ಅದೇ ಸೀಮೆಯ ಬೆಳ್ಳಿಬಣ್ಣದ ಅರೋವಾನಾ ನಮ್ಮ ತೋಳಿಗಿಂತ ಉದ್ದವಾಗಿ, 90 ಸೆಂಟಿಮೀಟರಿನ ಸಮೀಪಕ್ಕೆ ಬರುತ್ತದೆ. ಕೆಂಪು ಬಾಲ, ಉದ್ದ ಮೀಸೆಯ ರೆಡ್‌ಟೇಲ್ ಕ್ಯಾಟ್‌ಫಿಶ್ ಅಂಗೈಗಿಂತ ಚಿಕ್ಕದಾಗಿದ್ದಾಗ ಮುದ್ದಿನ ಗೊಂಬೆಯಂತೆ ಕಾಣುತ್ತದೆ. ನದಿಯಲ್ಲಿ ಅದು ಒಂದು ಮೀಟರಿಗೂ ಮಿಗಿಲಾಗಿ ಬೆಳೆದು 40 ಕಿಲೋ ಮೀರಿ ತೂಗಬಲ್ಲದು. ಅರಪೈಮಾ ಇನ್ನೂ ದೊಡ್ಡದು: 2 ಮೀಟರಿಗೂ ಹೆಚ್ಚು ಬೆಳೆಯುವ, ಆಗಾಗ ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬೇಕಾದ ಮೀನು ಅದು. ಇವೆಲ್ಲ ಮಾರಾಟಕ್ಕೆ ಬರುವುದು ಮರಿಗಳಾಗಿ. ಕೊಳ್ಳುವವನ ಕಣ್ಣಿಗೆ ಬೀಳುವುದು ಮರಿ. ಮನೆಗೆ ಬರುವುದಾದರೋ ಹತ್ತು ಹದಿನೈದು ವರ್ಷ ಬಾಳುವ ಒಂದು ದೊಡ್ಡ ಪ್ರಾಣಿ.

“ತೊಟ್ಟಿ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸಾರ್, ಯೋಚನೆ ಮಾಡಬೇಡಿ” ಎಂದು ಅಂಗಡಿಯವರು ಭರವಸೆ ಕೊಡುವುದನ್ನು ನಾನೇ ಹಲವು ಸಲ ಕೇಳಿದ್ದೇನೆ. ಈ ಮಾತು ಪ್ರಪಂಚದ ಎಲ್ಲ ಕಡೆ ಚಲಾವಣೆಯಲ್ಲಿದೆ. ಇದರಲ್ಲಿ ನಿಜವೆನ್ನಬಹುದಾದದ್ದು ಇಷ್ಟು: ಇಕ್ಕಟ್ಟಿನ, ಕೊಳೆತ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ. ಅದನ್ನು ಮೀನಿನ ವಿವೇಕವೆಂದು ತಿಳಿಯಬಾರದು. ಅದು ಮೀನಿನ ವ್ಯಾಧಿ. ಬೆನ್ನೆಲುಬು ಡೊಂಕಾಗುತ್ತದೆ, ರೋಗಗಳು ಸುಲಭವಾಗಿ ತಗಲುತ್ತವೆ, ಆಯುಸ್ಸು ಮೊಟಕಾಗುತ್ತದೆ. ಅನ್ನ ಸಾಲದೆ ಕುಳ್ಳಾಗಿ ಉಳಿದ ಮಗುವನ್ನು ನೋಡಿ ‘ಮನೆಗೆ ತಕ್ಕಂತೆ ಬೆಳೆದಿದೆ’ ಎಂದು ಯಾರಾದರೂ ಸಮಾಧಾನಪಟ್ಟುಕೊಳ್ಳುವುದುಂಟೆ?

ಹಾಗಾದರೆ ಎಷ್ಟು ದೊಡ್ಡ ತೊಟ್ಟಿ ಬೇಕು? ಸ್ವಲ್ಪ ಗಣಿತ ಮಾಡಿ ನೋಡೋಣ. ಒಂದು ಘನ ಅಡಿಯಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯೆಂದರೆ 9 ಘನ ಅಡಿ, ಅಂದರೆ ಸುಮಾರು 250 ಲೀಟರ್. ಒಂದು ಆಸ್ಕರ್ ಮೀನಿಗೆ ಇದು ಕನಿಷ್ಠ. ಎರಡಕ್ಕೆ ಇದಕ್ಕಿಂತ ವಿಶಾಲವಾದದ್ದು ಬೇಕು. ಅರೋವಾನಾದ ಮಾತೇ ಬೇರೆ. ತೊಟ್ಟಿಯ ಉದ್ದದಷ್ಟೇ ಅಗಲವೂ ಅಲ್ಲಿ ಮುಖ್ಯ, ಏಕೆಂದರೆ ಮೀನು ಮೈ ಬಾಗಿಸದೆ ತಿರುಗಬೇಕು. 8 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರವೆಂದು ಹಿಡಿದರೆ 60 ಘನ ಅಡಿ. ನೀರೊಂದೇ 1,700 ಕಿಲೋ ತೂಗುತ್ತದೆ. ಮೇಲಂತಸ್ತಿನ ಕೋಣೆಯಲ್ಲಿ ಅದನ್ನಿಡುವ ಮುನ್ನ ಮೀನಿನ ಅಂಗಡಿಗೆ ಹೋಗುವುದಕ್ಕಿಂತ ಎಂಜಿನಿಯರ ಬಳಿಗೆ ಹೋಗುವುದು ಲೇಸು. ರೆಡ್‌ಟೇಲ್‌ಗೆ, ಅರಪೈಮಾಕ್ಕೆ ಇದೂ ಸಾಲದು. ಅವು ಸಾಧಾರಣ ಗೃಹಸ್ಥನ ಅಳವಿಗೆ ಮೀರಿದ ಮೀನುಗಳು ಎಂದು ಸ್ಪಷ್ಟವಾಗಿ ಹೇಳಿಬಿಡುವುದೇ ಒಳಿತು.

ತೊಟ್ಟಿ ಸಿದ್ಧವಾದ ಮೇಲೆ ನೀರಿನ ವಿಷಯ. ಮೀನು ಸಾಕುವುದೆಂದರೆ ನಿಜವಾಗಿ ನೀರನ್ನು ಸಾಕುವುದು. ಬೇಟೆಗಾರ ಮೀನಿನ ಆಹಾರ ಪ್ರೋಟೀನಿನಿಂದ ತುಂಬಿದ್ದು; ಅದು ಜೀರ್ಣವಾದಾಗ ಹುಟ್ಟುವ ಅಮೋನಿಯಾ ಹೆಚ್ಚಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಅಲ್ಲಿ ನಮ್ಮ ನೆರವಿಗೆ ಬರುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಇವು ಸೋಸುಯಂತ್ರದ ಸ್ಪಂಜಿನಲ್ಲಿ, ಹರಳುಗಳಲ್ಲಿ ನೆಲೆಸಿ ಸಾಕಷ್ಟು ವೃದ್ಧಿಯಾಗಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಇಂದು ತೊಟ್ಟಿ ಕೊಂಡು ಇಂದೇ ಮೀನು ಬಿಟ್ಟವರ ಮನೆಯಲ್ಲಿ ವಾರದೊಳಗೆ ಮೀನು ಸಾಯುವುದಕ್ಕೆ ಬಹುಪಾಲು ಇದೇ ಕಾರಣ. ಹೆಪ್ಪು ಹಾಕಿದ ಕೂಡಲೆ ಮೊಸರಾಗಲಿ ಎಂದರೆ ಆದೀತೆ?

ಕೊನೆಗೆ ಉಳಿಯುವ ನೈಟ್ರೇಟನ್ನು ಹೊರಹಾಕಲು ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ಬದಲಿಸಬೇಕು. 250 ಲೀಟರಿನ ತೊಟ್ಟಿಗೆ ಇದು ನಾಲ್ಕೈದು ಬಕೆಟ್. 1,700 ಲೀಟರಿನದಕ್ಕೆ 400 ಲೀಟರಿಗೂ ಹೆಚ್ಚು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನವರು ಇದನ್ನು ಮೊದಲೇ ಯೋಚಿಸತಕ್ಕದ್ದು. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಸೋಸುಯಂತ್ರದ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಅದನ್ನು ಕ್ಷಣದಲ್ಲಿ ಕಳೆಯುತ್ತದೆ. ಸೋಸುಯಂತ್ರದ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಬಾರದು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಿದರೆ ಸಾಕು. ಉಷ್ಣವಲಯದ ಮೀನಿಗೆ ನೀರು 26ರಿಂದ 28 ಡಿಗ್ರಿ ಬೆಚ್ಚಗಿರಬೇಕು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಆದ್ದರಿಂದ ವಿದ್ಯುತ್ತು ಹೋದಾಗ ಗಾಳಿಯೂದಲು ಬ್ಯಾಟರಿಯ ಸಣ್ಣ ಪಂಪು ಕೈಗೆ ಸಿಗುವಂತಿರಲಿ.

ಆಹಾರದ ವಿಚಾರದಲ್ಲಿ ಒಂದು ಕ್ರೂರ ವಿನೋದ ಈ ಹವ್ಯಾಸಕ್ಕೆ ಅಂಟಿಕೊಂಡಿದೆ. ನೆಂಟರು ಬಂದಾಗ ಬದುಕಿರುವ ಗೋಲ್ಡ್‌ಫಿಶ್‌ಗಳನ್ನು ತೊಟ್ಟಿಗೆ ಬಿಟ್ಟು, ದೊಡ್ಡ ಮೀನು ಅವನ್ನು ನುಂಗುವುದನ್ನು ತೋರಿಸಿ ಸಂತೋಷಪಡುವವರಿದ್ದಾರೆ. ದಯೆಯ ಮಾತು ಹಾಗಿರಲಿ, ಇದು ದೊಡ್ಡ ಮೀನಿಗೂ ಹಿತವಲ್ಲ. ಅಂಗಡಿಯ ಅಗ್ಗದ ಮೀನಿನೊಡನೆ ಅದರ ರೋಗವೂ ಒಳಗೆ ಬರುತ್ತದೆ. ಜೊತೆಗೆ ಗೋಲ್ಡ್‌ಫಿಶ್‌ನ ಮೈಯಲ್ಲಿ ಬಿ-1 ಜೀವಸತ್ವವನ್ನು ನಾಶಮಾಡುವ ಕಿಣ್ವವೊಂದಿದೆ. ಅದನ್ನೇ ನಿತ್ಯ ತಿಂದ ಮೀನು ಸೊರಗುತ್ತದೆ. ಸಿಗಡಿ, ಎರೆಹುಳು, ಮುಳ್ಳಿಲ್ಲದ ಮೀನಿನ ತುಂಡು ಇವುಗಳ ಜೊತೆ ಈ ಮೀನುಗಳಿಗೆಂದೇ ತಯಾರಾದ ಗುಳಿಗೆಯನ್ನು ಮರಿಯಿದ್ದಾಗಿನಿಂದಲೇ ರೂಢಿ ಮಾಡಿಸಬಹುದು. ಮರಿಗೆ ದಿನಕ್ಕೆ ಎರಡು ಸಲ, ಬೆಳೆದ ಮೀನಿಗೆ ದಿನ ಬಿಟ್ಟು ದಿನ ಕೊಟ್ಟರೆ ಧಾರಾಳವಾಯಿತು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳುವವರಿಗೆ ಆಸ್ಕರ್ ಮೀನಿನ ಸ್ವಭಾವವೇ ಉತ್ತರ. ಅದು ದಿನವೂ ಉಣಿಸುವವನನ್ನು ಗುರುತಿಸುತ್ತದೆ. ನಾನು ಹಜಾರಕ್ಕೆ ಬಂದರೆ ಗಾಜಿನ ಹತ್ತಿರಕ್ಕೆ ಧಾವಿಸುವ ನನ್ನ ಮೀನುಗಳು ಹೊಸಬರು ಬಂದರೆ ಹಿಂದಕ್ಕೆ ಸರಿದು ನಿಲ್ಲುತ್ತವೆ. ನಾನು ಒಪ್ಪವಾಗಿ ಜೋಡಿಸಿದ ಕಲ್ಲುಗಳನ್ನು ತಮ್ಮ ಅಭಿರುಚಿಗೆ ತಕ್ಕಂತೆ ಮತ್ತೆ ಜೋಡಿಸುತ್ತವೆ. ನೆಟ್ಟ ಗಿಡವನ್ನು ಕಿತ್ತು ತೇಲಿಬಿಡುತ್ತವೆ. ಬಾಲದ ಬುಡದಲ್ಲಿ ಕಣ್ಣಿನಂಥ ಮಚ್ಚೆಯೊಂದಿದೆ. ರೆಕ್ಕೆ ಕಚ್ಚುವ ಪಿರಾನಾ ಮೀನುಗಳನ್ನು ಆ ಹುಸಿಗಣ್ಣು ದಿಕ್ಕು ತಪ್ಪಿಸುತ್ತದೆಯೆಂದು ತಜ್ಞರು ವಿವರಿಸುತ್ತಾರೆ. ಗಂಡು ಹೆಣ್ಣು ಕೂಡಿ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತವೆ. ಬೇಟೆಗಾರನೆಂದರೆ ಬರೀ ಬಾಯಿ ಎಂದು ತಿಳಿದಿದ್ದವರ ಎಣಿಕೆ ಈ ಮೀನಿನ ಮುಂದೆ ಸುಳ್ಳಾಗುತ್ತದೆ.

ಅರೋವಾನಾ ಕುಲದಲ್ಲಿ ಏಷ್ಯಾದ್ದೆಂಬ ಒಂದು ಜಾತಿ ಉಂಟು. ಮನೆಗೆ ಭಾಗ್ಯ ತರುತ್ತದೆಂಬ ನಂಬಿಕೆಯಿಂದ ಅದರ ಬೆಲೆ ಗಗನಕ್ಕೇರಿದೆ. ಗಂಡು ಮೀನು ಮೊಟ್ಟೆ ಮರಿಗಳನ್ನು ವಾರಗಟ್ಟಲೆ ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂದಾಗಿನಿಂದ ಈ ಮೀನು ಅದರ ಮೊದಲನೆಯ ಪಟ್ಟಿಯಲ್ಲಿದೆ. ಇಂಥ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ವಿಧಿಸುತ್ತದೆ. ಭಾಗ್ಯವನ್ನು ಮನೆಗೆ ಕರೆಯುವವರು ಕಾಗದಪತ್ರಗಳನ್ನೂ ಕೇಳಿ ಪಡೆಯಬೇಕು. ಯಾವ ಅರೋವಾನಾ ಆದರೂ ಎತ್ತರಕ್ಕೆ ಜಿಗಿಯಬಲ್ಲದು. ನೀರಿನ ಮೇಲೆ ಬಾಗಿದ ಕೊಂಬೆಯಿಂದ ಹುಳ ಹಿಡಿಯುವುದು ಅದರ ಕುಲವಿದ್ಯೆ. ತೊಟ್ಟಿಗೆ ಭದ್ರವಾದ ಮುಚ್ಚಳವಿಲ್ಲದಿದ್ದರೆ ಬೆಳಗಾಗುವಾಗ ಮೀನು ನೆಲದ ಮೇಲಿರುತ್ತದೆ.

ಇನ್ನು ಮನುವಿನ ಮೂರನೆಯ ನೆಲೆಯ ಮಾತು. ಮೀನು ತೊಟ್ಟಿಗೆ ಹಿಡಿಸದಾದಾಗ ‘ಪಾಪ, ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ಹತ್ತಿರದ ಕೆರೆಗೆ ಬಿಟ್ಟುಬರುವವರಿದ್ದಾರೆ. ಕರುಣೆಯ ಹೆಸರಿನಲ್ಲಿ ನಡೆಯುವ ಈ ಕಾರ್ಯದ ಫಲವೇನೆಂಬುದಕ್ಕೆ ಪನಾಮಾ ದೇಶದ ಗಾಟೂನ್ ಸರೋವರ ನಿದರ್ಶನ. ಆಸ್ಕರ್‌ನ ಬಂಧುವಾದ ಪೀಕಾಕ್ ಬಾಸ್ ಎಂಬ ಬೇಟೆಗಾರ ಮೀನು ಸುಮಾರು 1967ರಲ್ಲಿ ಆಕಸ್ಮಿಕವಾಗಿ ಆ ನೀರನ್ನು ಸೇರಿತು. ಕೆಲವೇ ವರ್ಷಗಳಲ್ಲಿ, ಅಲ್ಲಿ ಸಾಮಾನ್ಯವಾಗಿದ್ದ ಎಂಟು ಜಾತಿಯ ಮೀನುಗಳಲ್ಲಿ ಆರು ಕಾಣದಾದುವೆಂದು ತಾಮಸ್ ಜಾರೆಟ್ ಮತ್ತು ರಾಬರ್ಟ್ ಪೇನ್ ಎಂಬ ವಿಜ್ಞಾನಿಗಳು 1973ರಲ್ಲಿ ವರದಿ ಮಾಡಿದರು. ಮೀನು ತಿಂದು ಬದುಕುವ ಹಕ್ಕಿಗಳಿಗೂ ಅದರ ಪೆಟ್ಟು ತಗಲಿತು. 45 ವರ್ಷಗಳ ಬಳಿಕ ಮತ್ತೆ ಪರಿಶೀಲಿಸಿದವರಿಗೂ ಅಲ್ಲಿನ ಮೀನುಸಂಕುಲ ಚೇತರಿಸಿಕೊಂಡದ್ದು ಕಾಣಲಿಲ್ಲ.

ನಮ್ಮ ದೇಶದಲ್ಲಿಯೂ ಎಚ್ಚರಿಕೆಯ ಗಂಟೆ ಮೊಳಗಿದೆ. ಕೇರಳದ 2018ರ ಮಹಾಪ್ರವಾಹದ ನಂತರ ಚಾಲಕ್ಕುಡಿ ನದಿಯಲ್ಲಿ ಅರಪೈಮಾ ಬಲೆಗೆ ಬಿದ್ದಿತು. ಜೊತೆಗೆ ಉತ್ತರ ಅಮೆರಿಕದ, ಮೊಸಳೆಯ ಮೂತಿಯ ಅಲಿಗೇಟರ್ ಗಾರ್ ಮೀನು ಕೂಡ ಸಿಕ್ಕಿತು. 2023ರಲ್ಲಿ ಅದೇ ಗಾರ್ ಕಾಶ್ಮೀರದ ದಾಲ್ ಸರೋವರದಲ್ಲಿ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟಿರಲಿ, ಕೊಳ ತುಂಬಿ ಹರಿದು ತಪ್ಪಿಸಿಕೊಂಡಿರಲಿ, ನದಿಯ ಪಾಲಿಗೆ ಎರಡೂ ಒಂದೇ. ನಮ್ಮ ಕಾವೇರಿಗೇ ಮೀಸಲಾದ ಡುಬ್ಬದ ಮಹಸೀರ್ ತೀವ್ರ ಅಳಿವಿನಂಚಿನ ಪಟ್ಟಿಗೆ 2018ರಲ್ಲಿ ಸೇರಿದೆ. ಈಗಾಗಲೇ ಬಳಲಿರುವ ಅಂಥ ನೀರಿಗೆ ಹೊಸ ಬಾಯೊಂದನ್ನು ಸೇರಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಿದ್ದರೆ ದೊಡ್ಡ ಮೀನನ್ನು ಸಾಕಲೇಬಾರದೆ? ಹಾಗೆಂದು ನಾನು ಹೇಳುವುದಿಲ್ಲ. ಸ್ಥಳ, ನೀರು, ಬಿಡುವು ಮೂರೂ ಇದ್ದವರು ಆಸ್ಕರ್‌ನಿಂದ ಆರಂಭಿಸಬಹುದು. ಅದು ಒಬ್ಬ ಗೃಹಸ್ಥನ ಶಕ್ತಿಗೆ ಒಗ್ಗುವ ದೊಡ್ಡ ಮೀನು. ಕಾರಣಾಂತರದಿಂದ ಮುಂದೆ ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ದೊಡ್ಡ ತೊಟ್ಟಿಯಿರುವ ಇನ್ನೊಬ್ಬ ಹವ್ಯಾಸಿಗೆ ಕೊಡಿ, ಸಾರ್ವಜನಿಕ ಮೀನುಮನೆಯವರನ್ನು ವಿಚಾರಿಸಿ. ಇಷ್ಟನ್ನೂ ಮೀನು ಕೊಳ್ಳುವ ಮೊದಲೇ ವಿಚಾರಿಸಿಟ್ಟುಕೊಂಡರೆ ಇನ್ನೂ ಉತ್ತಮ. ಮನುವಿನ ಮೀನು ತನ್ನ ಕೊನೆಯ ನೆಲೆ ಯಾವುದೆಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿತ್ತು. ಅಂಗಡಿಯ ಮೀನಿಗೆ ಮಾತಿಲ್ಲ. ಅದರ ಪರವಾಗಿ ಆ ಪ್ರಶ್ನೆಯನ್ನು ಕೊಳ್ಳುವವರೇ ಕೇಳಿಕೊಳ್ಳಬೇಕು.