ಗ್ರಾಮಸಭೆಯಲ್ಲಿ ಎದ್ದು ನಿಂತರೆ ಕಾಲು ನಡುಗುವುದೇಕೆ?

ಸಭೆ ನಡೆಯುವಾಗ ಬಾಯಿ ಬಿಡದವರು, ಸಭೆ ಮುಗಿದ ಮೇಲೆ ಚಹಾದಂಗಡಿ ಮುಂದೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ಟ್ಯಾಂಕರ್ ಯಾವ ಓಣಿಗೆ ಬರಲಿಲ್ಲ, ಯಾವ ವಸ್ತಿಯ ರಸ್ತೆ ಮಳೆಗೆ ಕಿತ್ತುಹೋಯಿತು, ಯಾರ ಹೆಸರು ಮನೆ ಯೋಜನೆಯ ಯಾದಿಯಲ್ಲಿ ಬಿಟ್ಟುಹೋಯಿತು, ಎಲ್ಲ ಲೆಕ್ಕವೂ ಅಲ್ಲಿ ಹೊರಬರುತ್ತದೆ. "ಇದನ್ನ ಅಲ್ಲೇ ಹೇಳಬೇಕಿತ್ತಲ್ಲೋ ತಮ್ಮಾ" ಎಂದು ಹಿರಿಯರು ಕೇಳಿದರೆ, "ಮಂದಿ ಮುಂದ ಮಾತಾಡಾಕ ಬರಂಗಿಲ್ಲರಿ ಕಾಕಾ" ಎಂಬ ಉತ್ತರ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇದು ಹೊಸ ಮಾತಲ್ಲ.

ಈ ಅಂಜಿಕೆ ಹೇಡಿತನವೂ ಅಲ್ಲ, ದಡ್ಡತನವೂ ಅಲ್ಲ. ಹೊಲದ ಬದುವಿನಲ್ಲಿ ಹಾವು ಕಂಡಾಗ ಮೈಯಲ್ಲಿ ಏನಾಗುತ್ತದೆಯೋ, ನೂರು ಕಣ್ಣು ನಮ್ಮತ್ತ ತಿರುಗಿದಾಗಲೂ ಅದೇ ಆಗುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೈಕಾಲು ನಡುಗುತ್ತವೆ. ಹಾವಿನಿಂದ ಓಡಿದರೆ ಜೀವ ಉಳಿದೀತು. ಸಭೆಯಿಂದ ಓಡಿದರೆ ಮಾತ್ರ ಅಂಜಿಕೆ ಬೆಳೆಯುತ್ತದೆ. ಒಮ್ಮೆ ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ಮುಂದಿನ ಸಲವೂ ತಪ್ಪಿಸಿಕೊಳ್ಳಲು ಕಲಿಸುತ್ತದೆ.

ಗಡಿಭಾಗದಲ್ಲಿ ಇದಕ್ಕೆ ಇನ್ನೊಂದು ಗಂಟು ಬಿದ್ದಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅಧಿಕಾರಿಯ ಮುಂದೆ ಮರಾಠಿ ಆಡುವಾಗ ನಾಲಿಗೆ ತಡವರಿಸುತ್ತದೆ. ಕನ್ನಡದಲ್ಲಿ ರಸ್ತೆಯೂ 'ಹಾಳಾಯಿತು', ಬಾವಿಯೂ 'ಹಾಳಾಯಿತು'. ಮರಾಠಿಯಲ್ಲಿ ರಸ್ತೆ ಗಂಡು, ವಿಹೀರ ಹೆಣ್ಣು, ಪಾಣಿ ನಪುಂಸಕ! 'ಝಾಲಾ' ಅನ್ನಬೇಕೋ 'ಝಾಲೀ' ಅನ್ನಬೇಕೋ ಎಂದು ಲೆಕ್ಕ ಹಾಕುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಆದರೆ 'ರಸ್ತಾ ಖರಾಬ ಝಾಲೀ' ಎಂದರೂ ಅಧಿಕಾರಿಗೆ ತಿಳಿಯುವುದು ಒಂದೇ: ರಸ್ತೆ ಕೆಟ್ಟಿದೆ. ಅಷ್ಟೂ ಕಷ್ಟವಾದರೆ ಕನ್ನಡದಲ್ಲೇ ಹೇಳಿ, ಮರಾಠಿ ಬಲ್ಲ ಪಕ್ಕದವರಿಂದ ಹೇಳಿಸಬಹುದು.

ಮಾತಿಗೆ ಅಂಜಿದವರಲ್ಲಿ ಗಾಂಧೀಜಿಯೂ ಒಬ್ಬರು ಎಂದರೆ ನಂಬಲು ಕಷ್ಟ. 1891ರಲ್ಲಿ ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಮರಳಿದ ಅವರು ಮುಂಬೈಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿತು. ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಪಡೆದಿದ್ದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿ ಹೊರಬಂದರು. ಅದೇ ಗಾಂಧಿ 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳ ಸಭೆಯಲ್ಲಿ ಮಾತಾಡಿದರು. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅದೇ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ನಡುವೆ ಬದಲಾದದ್ದೇನು? ಈ ಸಲ ವಿಷಯ ಗೊತ್ತಿತ್ತು, ತಯಾರಿ ಇತ್ತು, ಹೇಳಲೇಬೇಕಾದ ಮಾತೂ ಇತ್ತು.

'ಎಲ್ಲರೂ ನನ್ನನ್ನೇ ನೋಡುತ್ತಾರೆ' ಎಂಬುದೂ ಅರ್ಧ ಭ್ರಮೆಯೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಮೋಜಿನ ಪ್ರಯೋಗ ಪ್ರಕಟಿಸಿದರು. ನಾಚಿಕೆಯಾಗುವಂಥ ಚಿತ್ರವಿದ್ದ ಅಂಗಿ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಗಮನಿಸಿರಬೇಕು ಎಂದು ತೊಟ್ಟವರು ಎಣಿಸಿದರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಮಂದಿ. ನಿಮ್ಮ ಕೈ ನಡುಕವೂ ಹಾಗೆಯೇ, ನಿಮಗೆ ಕಂಡಷ್ಟು ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲ ದಿನವೇ ಭಾಷಣ ಬೇಡ. ಬಚತ ಗಟದಲ್ಲೋ, ಶಾಲೆಯ ಪಾಲಕರ ಸಭೆಯಲ್ಲೋ ಒಂದು ಪ್ರಶ್ನೆ ಕೇಳಿ ನೋಡಿ. ಗ್ರಾಮಸಭೆಗೆ ಹೋಗುವಾಗ ಒಂದೇ ವಿಷಯ, ಒಂದೇ ಚೀಟಿ: ಯಾವ ಓಣಿ, ಎಷ್ಟು ಮನೆ, ಯಾವ ತಾರೀಖಿನಿಂದ ನೀರಿಲ್ಲ. ಮೊದಲ ವಾಕ್ಯ ಮಾತ್ರ ಬಾಯಿಪಾಠವಾಗಿರಲಿ, ಉಳಿದದ್ದು ತಾನೇ ಬರುತ್ತದೆ. ಕಾಯುತ್ತ ಕೂತಷ್ಟೂ ಎದೆ ಡವಡವ ಜಾಸ್ತಿ, ಆದ್ದರಿಂದ ನಿಮ್ಮ ವಿಷಯ ಬಂದ ಕೂಡಲೇ ಎದ್ದುಬಿಡಿ. ಏಳುವ ಮುಂಚೆ ಉಸಿರನ್ನು ನಿಧಾನವಾಗಿ ಹೊರಬಿಡಿ. ಪರಿಚಯದ ಒಂದು ಮುಖ ನೋಡುತ್ತ ಮಾತಾಡಿ. ಇನ್ನು, ಮಂದಿಯ ಅಂಜಿಕೆಗೆ ಸಂತೆಗೆ ಹೋಗುವುದನ್ನೇ ಬಿಟ್ಟವರು, ನಿದ್ದೆಗೆಟ್ಟವರು ಇದ್ದರೆ ಅದು ಚೀಟಿಯಿಂದ ಹೋಗುವಂಥದ್ದಲ್ಲ, ಡಾಕ್ಟರರಿಗೆ ತೋರಿಸಬೇಕು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆ ಕನ್ನಡ, ಮರಾಠಿ ಎರಡರಲ್ಲೂ ಸಿಗುತ್ತದೆ.

ಇಷ್ಟೆಲ್ಲ ಕಷ್ಟ ಏಕೆಂದರೆ, ಸಭೆಯಲ್ಲಿ ಹೇಳಿದ ಮಾತಿಗೆ ಬೇರೆಯೇ ಆಯುಷ್ಯ. ಕೃಷ್ಣೆಯ ನೀರೆತ್ತುವ ಮ್ಹೈಸಾಳ ಯೋಜನೆಯ ನೀರು ತಲುಪಲಿಲ್ಲವೆಂದು ಜತ್ತ ತಾಲೂಕಿನ ಸುಮಾರು 40 ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು 2012ರಲ್ಲಿ. ಹತ್ತು ವರ್ಷ ಬಿಟ್ಟು, 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಎತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದು, ಈ ಹಳ್ಳಿಗಳ ನೀರಿನ ಮಾತು ಮುಂಬೈವರೆಗೆ ಮುಟ್ಟಿತು. ಠರಾವು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬರೆದಿಟ್ಟದ್ದು ಹತ್ತು ವರ್ಷ ಉಳಿಯಿತು. ಚಹಾದಂಗಡಿಯ ಮಾತು ಕಪ್ಪು ತೊಳೆಯುವಷ್ಟರಲ್ಲಿ ಮುಗಿಯುತ್ತದೆ.

ಮತದಾರರ ಯಾದಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ, ಮಾತಾಡಲು ಯಾರ ಕೃಪೆಯೂ ಬೇಡ. ಗಂಡಸರ ಮುಂದೆ ಹೇಗಪ್ಪಾ ಎನ್ನುವ ಅಕ್ಕತಂಗಿಯರಿಗೆ ಇನ್ನೊಂದು ದಾರಿಯಿದೆ. ಗ್ರಾಮಸಭೆಗೆ ಮುಂಚೆ ಮಹಿಳೆಯರ ಸಭೆ ನಡೆಸಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿದೆ. ಮೊದಲ ಮಾತು ಅಲ್ಲೇ ಆಡಬಹುದು. ಆಡಿದ ಮೇಲೆ, ಕೂಡುವ ಮುಂಚೆ, ಅಧಿಕಾರಿಯನ್ನು ಒಂದು ಮಾತು ಕೇಳಲು ಮರೆಯಬೇಡಿ: "ಬರಕೊಂಡ್ರಿ ಏನ್ರಿ?"